ಸಾಣೆಯ ಮನೆಗೆ ಬಾಗಿಲು ಬಂದದ್ದು

ಸಾಣೆಯ ಮನೆಗೆ ಬಾಗಿಲಿರಲಿಲ್ಲ. ಬಾಗಿಲು ಇರಬೇಕಾದ ಜಾಗದಲ್ಲಿ ಒಂದು ಗೋಣಿಚೀಲ ತೂಗುತ್ತಿತ್ತು. ಅದರ ಮುಂದೆ ಅವನ ಅಮ್ಮ ಕೂತಿರುತ್ತಿದ್ದಳು. ನಾಯಿ, ಕೋಳಿ, ಪಕ್ಕದ ಮನೆಯ ಮೇಕೆ, ಕೆಲಸವಿಲ್ಲದೆ ಇಣುಕುವ ಜನ, ಇವರನ್ನೆಲ್ಲ ಒಂದು ಕೋಲು ಮತ್ತು ಒಂದು ಬಾಯಿಯಿಂದ ತಡೆಯುವುದು ಮುದುಕಿಯ ಕೆಲಸ. ಆದರೆ ಈ ಬಾಗಿಲಿಗೆ ಮಂಡಿನೋವು ಇತ್ತು, ಮಧ್ಯೆ ಮಧ್ಯೆ ತೂಕಡಿಕೆಯೂ ಬರುತ್ತಿತ್ತು. ತೂಕಡಿಕೆ ಬಂದಾಗಲೆಲ್ಲ ಮೇಕೆ ಒಳಗೆ ಹೋಗುತ್ತಿತ್ತು.

ಆ ದಿನ ಬೆಳಿಗ್ಗೆಯೂ ಹೋಯಿತು. ಮೂಲೆಯಲ್ಲಿದ್ದ ಸಾಣೆಯ ಮಗಳ ಹೊಸ ಬೂಟಿನ ಎರಡೂ ಲೇಸುಗಳನ್ನು ಸಾವಕಾಶವಾಗಿ ತಿಂದು, ಬಂದ ದಾರಿಯಲ್ಲೇ ಮುದುಕಿಯನ್ನು ದಾಟಿಕೊಂಡು ಹೊರಗೆ ಬಂತು. ಎಲ್ಲ ಶುರುವಾದದ್ದು ಅಲ್ಲಿಂದ.

ಸಾಣೆ ಅನ್ನುವುದು ಅವನ ಹೆಸರಲ್ಲ, ಕೆಲಸ. ಸಾಣೆಕಲ್ಲನ್ನು ಬೆನ್ನಿಗೆ ಕಟ್ಟಿಕೊಂಡು ಊರೂರು ತಿರುಗಿ ಚಾಕು, ಕತ್ತರಿ, ಕುಡುಗೋಲು ಹರಿತ ಮಾಡಿಕೊಡುತ್ತಿದ್ದ. ಅವನು ಮುಟ್ಟಿದ್ದೆಲ್ಲ ಹರಿತವಾಗುತ್ತಿತ್ತು, ಅವನ ಮಾತೊಂದು ಬಿಟ್ಟು. ಯಾರು ಏನು ಕೇಳಿದರೂ ಇಲ್ಲ ಅನ್ನಲು ಅವನಿಗೆ ಬರುತ್ತಿರಲಿಲ್ಲ. ದುಡ್ಡು ನಾಳೆ ಕೊಡ್ತೀನಿ ಅಂದರೆ ಸರಿ, ಇದೊಂದು ಚಾಕು ಪುಕ್ಕಟೆ ಮಾಡಿಕೊಡು ಅಂದರೆ ಅದೂ ಸರಿ.

ಬಡವರ ಮನೆಯ ಹೆಂಗಸಿನ ಖಾತೆಗೆ ಸರ್ಕಾರ ತಿಂಗಳಿಗೊಮ್ಮೆ ನೇರವಾಗಿ ದುಡ್ಡು ಹಾಕುತ್ತದಂತೆ ಎಂಬ ಸುದ್ದಿ ಬಂದಾಗ ಇಡೀ ಊರು ನಕ್ಕಿತ್ತು. ಒಂದು ದಿನ ಹೆಂಡತಿಯ ಫೋನು ಟಿಣ್ ಅಂತು. ಅಂಗಡಿಯವನ ಹತ್ತಿರ ಓದಿಸಿದರೆ, ದುಡ್ಡು ಬಂದಿದೆ ಅಂದ. ಯಾರೋ ತಪ್ಪಿ ಹಾಕಿರಬೇಕು, ವಾಪಸು ಕೇಳಿಕೊಂಡು ಬರುತ್ತಾರೆ ಅಂತ ಗಂಡ ಹೆಂಡತಿ ಇಬ್ಬರೂ ಅದನ್ನು ಮುಟ್ಟದೆ ಕಾದರು. ಫೋನನ್ನು ಬಟ್ಟೆಯಲ್ಲಿ ಸುತ್ತಿ ಡಬ್ಬಿಯೊಳಗೆ ಇಟ್ಟರು. ಯಾರೂ ಬರಲಿಲ್ಲ. ಆಮೇಲೆ, ಎಣ್ಣೆಯನ್ನು ಚಮಚದ ಲೆಕ್ಕದಲ್ಲಿ ತರುತ್ತಿದ್ದ ಮನೆಗೆ ಎಣ್ಣೆಯ ಬಾಟಲಿ ಬಂತು. ಅಮ್ಮನ ಮಂಡಿಗೆ ಮುಲಾಮು ಬಂತು. ಮಗಳಿಗೆ ಬೂಟು ಬಂತು. ಮೊದಲ ರಾತ್ರಿ ಅವಳು ಅದನ್ನು ಹಾಕಿಕೊಂಡೇ ಮಲಗಿದ್ದಳು. 'ಏನೋ' ಅನ್ನುತ್ತಿದ್ದ ಅಂಗಡಿಯವನು 'ಬಾರಪ್ಪ' ಅನ್ನತೊಡಗಿದ. ಎಲ್ಲಕ್ಕಿಂತ ದೊಡ್ಡ ಬದಲಾವಣೆ ಬೇರೆ. ಮದುವೆಯಾದಾಗಿನಿಂದ ಹಾಸಿಗೆಯಲ್ಲಿ ಕಣ್ಣು ಬಿಟ್ಟುಕೊಂಡು ನಾಳೆಯ ಲೆಕ್ಕ ಹಾಕುತ್ತಿದ್ದ ಹೆಂಡತಿ ಈಗ ಅವನಿಗಿಂತ ಮೊದಲೇ ನಿದ್ದೆ ಹೋಗುತ್ತಿದ್ದಳು. ಅವಳು ಗೊರಕೆ ಹೊಡೆಯುತ್ತಾಳೆ ಎಂಬುದು ಸಾಣೆಗೆ ಗೊತ್ತಾದದ್ದು ಆಗಲೇ.

ಈ ತಿಂಗಳ ದುಡ್ಡಿನ ಮೇಲೆ ಸಾಣೆಗೆ ಒಂದು ಆಸೆಯಿತ್ತು. ಹಳೇ ಸೈಕಲ್ಲೊಂದನ್ನು ಕೊಂಡು ಅದಕ್ಕೆ ಸಾಣೆಕಲ್ಲು ಕೂರಿಸಿದರೆ ಬೆನ್ನಿನ ಭಾರ ಇಳಿಯುತ್ತಿತ್ತು. ಅದನ್ನು ಹೇಗೆ ಶುರು ಮಾಡಲಿ ಅಂತ ಅವನು ಯೋಚಿಸುತ್ತಿರುವಾಗಲೇ ಹೆಂಡತಿ ಲೇಸಿಲ್ಲದ ಬೂಟುಗಳನ್ನು ತಂದು ಅವನ ಮುಂದಿಟ್ಟಳು.

"ಇವತ್ತೇ ಹೋಗಿ ಒಂದು ಬಾಗಿಲು ತನ್ನಿ," ಅಂದಳು.

"ಕದಿಯೋಕೆ ನಮ್ಮನೇಲಿ ಏನಿದೆ ಅಂತ ಬಾಗಿಲು?"

"ನಾವಿದ್ದೀವಲ್ಲ."

ಇನ್ನೂ ಒಂದು ಕಾರಣವನ್ನು ಅವಳೇ ಹೇಳಿದಳು. ಊರಾಚೆಯ ಸಸಿತೋಟದ ಯಜಮಾನಿ ಅವಳಿಗೆ ಕೆಲಸ ಕೊಡುತ್ತೇನೆ ಅಂದಿದ್ದಳು. ಆದರೆ ಇವತ್ತು ಸಂಜೆಯೊಳಗೆ ಬಂದು ಒಪ್ಪಿಕೊಳ್ಳದಿದ್ದರೆ ಆ ಜಾಗ ಬೇರೆಯವರಿಗೆ. ಅಮ್ಮನ ಕೋಲನ್ನೇ ನಂಬಿ ಮನೆ ಬಿಟ್ಟು ಹೋಗುವುದು ಹೇಗೆ? ಬಾಗಿಲು ನಿಂತರೆ ಅವಳು ಹೊರಡಬಹುದು, ಅಮ್ಮನೂ ಒಳಗೆ ಕಾಲು ಚಾಚಿ ಮಲಗಬಹುದು. ಅವಳು ಹಾಗೆ ಹೇಳಿದ ಮೇಲೆ ಸಾಣೆ ಸೈಕಲ್ಲಿನ ಮಾತು ಎತ್ತಲಿಲ್ಲ. ಹೆಂಡತಿ ಬಾಗಿಲ ಜಾಗದ ಉದ್ದಗಲಕ್ಕೆ ದಾರ ಹಿಡಿದು ಗಂಟು ಹಾಕಿ ಅವನ ಜೇಬಿಗೆ ತುರುಕಿದಳು.

ಪಟ್ಟಣದಲ್ಲಿ ಹೊಸ ಬಾಗಿಲಿನ ಬೆಲೆ ಕೇಳಿ ಸಾಣೆ ಅಂಗಡಿಯ ಮೆಟ್ಟಿಲನ್ನು ಹತ್ತಿದ್ದಕ್ಕಿಂತ ಬೇಗ ಇಳಿದ. ಗುಜರಿ ಅಂಗಡಿಯಲ್ಲಿ ಹಳೇ ಬಾಗಿಲುಗಳು ಗೋಡೆಗೆ ಒರಗಿ ನಿಂತಿದ್ದವು. ಒಂದು ತೀರಾ ಎತ್ತರ, ಒಂದು ಬಚ್ಚಲುಮನೆಯದು, ಇನ್ನೊಂದಕ್ಕೆ ಪೂರ್ತಿ ಗಾಜು. ದಾರಕ್ಕೆ ಸರಿಯಾಗಿ ಕೂತದ್ದು ಒಂದೇ. ದಪ್ಪ ಮರದ್ದು, ಕಬ್ಬಿಣದ ಕೀಲಿನದು. ಕೆಡವಿದ ಯಾವುದೋ ಕಚೇರಿಯಿಂದ ಬಂದದ್ದಂತೆ. ನಡುವೆ ಮುಖ ಹಿಡಿಸುವಷ್ಟು ಒಂದು ಕಿಂಡಿ, ಅದನ್ನು ಮುಚ್ಚಲು ಪುಟ್ಟ ಕದ. ಕಿಂಡಿಯ ಮೇಲೆ ಬಿಳಿ ಬಣ್ಣದಲ್ಲಿ 'ಸಾಲಿನಲ್ಲಿ ನಿಲ್ಲಿ' ಎಂದು ಬರೆದಿತ್ತು.

ಸಾಣೆ ಅಕ್ಷರಗಳ ಮೇಲೆ ಬೆರಳಿಟ್ಟು, ಇದು ಹೋಗುತ್ತಾ ಅಂತ ಕೇಳಿದ.

"ಅಕ್ಷರಕ್ಕೆ ಬೇರೆ ದುಡ್ಡು ಹಿಡಿಯಲ್ಲ, ತಗೊಂಡು ಹೋಗು," ಅಂದ ಗುಜರಿಯವನು. ಕಿಂಡಿ ಯಾಕೆ ಅಂದದ್ದಕ್ಕೆ, ಯಾರು ಬಂದರು ಅಂತ ಒಳಗಿಂದಲೇ ನೋಡುವುದಕ್ಕೆ, ದೊಡ್ಡ ದೊಡ್ಡ ಮನೆಗಳಲ್ಲಿ ಇರುತ್ತದೆ ಅಂತ ವಿವರಿಸಿದ. ದೊಡ್ಡ ಮನೆ ಅನ್ನುವ ಮಾತು ಕೇಳಿ ಸಾಣೆಗೆ ಒಳಗೊಳಗೇ ಖುಷಿಯಾಯಿತು. ಚೌಕಾಸಿ ಮಾಡುವುದೂ ಮರೆತುಹೋಯಿತು.

ಬಸ್ಸಿನ ಕಂಡಕ್ಟರು ಬಾಗಿಲನ್ನು ಮೇಲಿಂದ ಕೆಳಗೆ ನೋಡಿ, ಬಸ್ಸಿಗೆ ಆಗಲೇ ಎರಡು ಬಾಗಿಲಿವೆ, ಮೂರನೆಯದು ಬೇಡ ಅಂದು ಸೀಟಿ ಊದಿದ. ಸಾಣೆ ದಿನಾ ಕಲ್ಲು ಕಟ್ಟಿಕೊಳ್ಳುವಂತೆಯೇ ಬಾಗಿಲನ್ನು ಬೆನ್ನಿಗೆ ಕಟ್ಟಿಕೊಂಡು ನಡೆದ. ಹಿಂದಿನಿಂದ ನೋಡಿದವರಿಗೆ ಒಂದು ಬಾಗಿಲು, ಅದರ ಕೆಳಗೆ ಎರಡು ಪಾದ, ಅಷ್ಟೇ ಕಾಣುತ್ತಿತ್ತು. ಬೀದಿಯ ನಾಯಿಯೊಂದು ಬೊಗಳುವುದೋ ಬೇಡವೋ ಎಂದು ತೀರ್ಮಾನಿಸಲಾಗದೆ ಸ್ವಲ್ಪ ದೂರ ಜೊತೆಗೆ ಬಂದು ನಿಂತುಹೋಯಿತು.

ಪಟ್ಟಣ ಮುಗಿಯುವ ಕಡೆ ಬ್ಯಾಂಕು. ಅದರ ಕಾಂಪೌಂಡಿನ ಗೋಡೆ ಒಂದು ಕಡೆ ಬಿದ್ದು ಸಂದಾಗಿತ್ತು. ಸಂದಿನ ಆಚೆ ಒಳ್ಳೆ ನೆರಳು. ಅಲ್ಲಿಗೆ ಬರುವ ಹೊತ್ತಿಗೆ ಸಾಣೆಯ ಬೆನ್ನು ಬಾಗಿಲಿಗಿಂತ ಗಟ್ಟಿಯಾಗಿತ್ತು. ಬಾಗಿಲನ್ನು ಸಂದಿಗೆ ಅಡ್ಡ ನಿಲ್ಲಿಸಿದ. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ತಾನು ಅದರ ಹಿಂದೆ ಒಂದು ಇಟ್ಟಿಗೆ ರಾಶಿಯ ಮೇಲೆ ಕೂತು, ಗಾಳಿ ಬರಲಿ ಅಂತ ಕಿಂಡಿ ತೆರೆದ.

ಬ್ಯಾಂಕು ಊಟಕ್ಕೆ ಮುಚ್ಚಿತ್ತು. ಕಾಂಪೌಂಡಿನ ಹೊರಗೆ ರಸ್ತೆಬದಿಯಲ್ಲಿ, ಸರ್ಕಾರದ ದುಡ್ಡು ಇನ್ನೂ ಬರದವರು ಕೂತಿದ್ದರು. ಒಬ್ಬರ ಹೆಸರು ಒಂದು ಕಾಗದದಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ. ಒಬ್ಬಳ ಬೆರಳನ್ನು ಯಂತ್ರ ಗುರುತಿಸುತ್ತಿಲ್ಲ. ಕಿಂಡಿ ತೆರೆದ ಸದ್ದಿಗೆ ಎಲ್ಲರೂ ತಿರುಗಿ ನೋಡಿದರು. ಕಿಂಡಿಯಲ್ಲಿ ಒಂದು ಮುಖವಿತ್ತು, ಮೇಲೆ ಅಕ್ಷರವಿತ್ತು. ಒಬ್ಬ ಅಜ್ಜಿ ಎಲ್ಲರಿಗಿಂತ ಮೊದಲು ಬಂದು ಬಗ್ಗಿದಳು.

"ಮಗಾ, ನಂದಿನ್ನೂ ಬಂದಿಲ್ಲ," ಅಂದು ಹೆಬ್ಬೆರಳನ್ನು ಒಳಗೆ ಚಾಚಿದಳು. ಪಾತ್ರೆ ತಿಕ್ಕಿ ತಿಕ್ಕಿ ಅದು ಹೊಳೆಯ ಕಲ್ಲಿನಂತೆ ನುಣ್ಣಗಾಗಿತ್ತು.

ಸಾಣೆ ಆ ಬೆರಳನ್ನು ನೋಡಿದ. "ಬರುತ್ತೆ ಅಜ್ಜಿ," ಅಂದ.

ಅಜ್ಜಿ ಎಷ್ಟೋ ಕಿಂಡಿಗಳ ಮುಂದೆ ಬಗ್ಗಿದವಳು. ಯಾವ ಕಿಂಡಿಯೂ ಅವಳ ಮುಖ ನೋಡಿ ಮಾತಾಡಿರಲಿಲ್ಲ. ಅವಳು ಹಿಂದಿರುಗಿ ಎಲ್ಲರಿಗೂ ಕೇಳುವಂತೆ, ಇಲ್ಲಿರುವವರು ಬಹಳ ಒಳ್ಳೆಯವರು ಅಂತ ಹೇಳಿದಳು. ಅವಳ ಮಾತು ಮುಗಿಯುವುದರೊಳಗೆ ಬಾಗಿಲ ಮುಂದೆ ಸಾಲು ನಿಂತಿತ್ತು.

ಸಾಣೆ ಗಾಬರಿಯಾಗಿ ಎರಡನೆಯವನಿಗೆ ನಿಜ ಹೇಳಿದ. ತಾನು ಚಾಕುವಿಗೆ ಸಾಣೆ ಹಿಡಿಯುವವನು, ದುಡ್ಡಿನ ವಿಷಯ ತನಗೇನೂ ಗೊತ್ತಿಲ್ಲ ಅಂದ.

"ಗೊತ್ತು ಸಾರ್," ಅಂದ ಅವನು ತಾಳ್ಮೆಯಿಂದ. "ಇದು ನಮ್ಮ ಕೆಲಸ ಅಲ್ಲ ಅಂತ ಎಲ್ಲ ಕಿಂಡೀಲೂ ಹೇಳ್ತಾರೆ. ನಂದು ಯಾವಾಗ ಬರುತ್ತೆ, ಅಷ್ಟು ಹೇಳಿ."

ಸಾಣೆ, ಬರುತ್ತೆ ಅಂದ. ಮೂರನೆಯವಳಿಗೂ ಹಾಗೇ ಅಂದ. ಅಷ್ಟರಲ್ಲಿ ರಸ್ತೆಯಲ್ಲಿ ಹೋಗುತ್ತಿದ್ದ ಒಬ್ಬ ಮುದುಕ, ಸಾಲನ್ನು ಕಂಡು ನಿಂತ, ಬಾಗಿಲನ್ನು ಕಂಡು ಹತ್ತಿರ ಬಂದ. ನಿವೃತ್ತ ಜವಾನ. ತನ್ನ ನೌಕರಿಯನ್ನೆಲ್ಲ ಆ ಬಾಗಿಲ ಹೊರಗೆ ಸ್ಟೂಲಿನ ಮೇಲೆ ಕೂತು ಮುಗಿಸಿದವನು. ನಿವೃತ್ತಿಯಾದ ಮೇಲೆ ಮನೆಯಲ್ಲಿ ಅವನ ಮಾತು ಕೇಳುವವರಿರಲಿಲ್ಲ, ಹೊರಗೆ ಕಚೇರಿಯೂ ಇರಲಿಲ್ಲ. ಅವನು ಬಾಗಿಲ ಮರವನ್ನು ಸವರಿದ, ಕೀಲು ಮುಟ್ಟಿ ನೋಡಿದ, ಮೂಗೊರೆಸಿಕೊಂಡ. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ಸಾಲಿನಲ್ಲಿ ನೂಕಾಡುತ್ತಿದ್ದ ಇಬ್ಬರನ್ನು ಒಂದೇ ಕಣ್ಣೋಟದಲ್ಲಿ ಹಿಂದಕ್ಕೆ ಸರಿಸಿದ. ಇಂಥ ಶಿಸ್ತಿನ ಸಾಲನ್ನು ಆ ರಸ್ತೆ ನೋಡಿ ಬಹಳ ಕಾಲವಾಗಿತ್ತು.

ನೆರಳು ಉದ್ದವಾದಾಗ ಸಾಣೆಗೆ ಹೆಂಡತಿಯ ಮಾತು ನೆನಪಾಯಿತು. ಎದ್ದು ಹೊರಗೆ ಬಂದು ಬಾಗಿಲಿಗೆ ಹಗ್ಗ ಬಿಗಿಯತೊಡಗಿದ. ಸಾಲಿನಲ್ಲಿ ಗುಜುಗುಜು ಎದ್ದಿತು. ಈ ಬಾಗಿಲನ್ನು ಮನೆಗೆ ಒಯ್ಯಬೇಕು ಅಂತ ಅವನು ಕೈಮುಗಿದು ಜವಾನನಿಗೆ ವಿವರಿಸಿದ. ಜವಾನ ಎಲ್ಲವನ್ನೂ ಕೇಳಿಸಿಕೊಂಡು, ಸಾಲಿನ ಕಡೆ ತಿರುಗಿದ.

"ಕಚೇರಿ ಸ್ಥಳಾಂತರ ಆಗ್ತಿದೆ. ಯಾರೂ ಜಾಗ ಬಿಡಬೇಡಿ."

ನಾಲ್ವರು ಬಾಗಿಲು ಹೊತ್ತರು. ಸಾಣೆ ಬೇಡ ಬೇಡ ಅನ್ನುತ್ತಾ ಮುಂದೆ ನಡೆದ, ಸಾಲು ಹಿಂದೆ ನಡೆಯಿತು. ಹೊಲದ ಬದುವಿನ ಮೇಲೆ ಇರುವೆ ಸಾಲಿನಂತೆ ಒಬ್ಬರ ಹಿಂದೊಬ್ಬರು. ನಡುವೆ ಮರೆಗೆ ಹೋಗಬೇಕಾದವನೊಬ್ಬ ಹಿಂದಿನವಳಿಗೆ ತನ್ನ ಜಾಗ ಒಪ್ಪಿಸಿ ಹೋಗಿ, ಓಡಿಬಂದು ಅದೇ ಜಾಗ ಸೇರಿಕೊಂಡ. ಬಾಗಿಲು ಹೊತ್ತವರು ಭುಜ ಬದಲಿಸಬೇಕಾದಾಗ ಜವಾನ ಎಲ್ಲರನ್ನೂ ನಿಲ್ಲಿಸಿ, ಮತ್ತೆ ಹೊರಡಿಸುತ್ತಿದ್ದ. ತನ್ನ ಜೀವಮಾನದಲ್ಲಿ ಮೊದಲ ಸಲ ಬೆನ್ನ ಮೇಲೆ ಏನೂ ಇಲ್ಲದೆ ಊರಿಗೆ ಹೋಗುತ್ತಿದ್ದ ಸಾಣೆಗೆ ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದೇ ತಿಳಿಯಲಿಲ್ಲ.

ಊರಿನಲ್ಲಿ ಸುದ್ದಿ ಅವರಿಗಿಂತ ಮೊದಲು ತಲುಪಿತ್ತು. ಬಡಗಿ ಉಳಿ ಸುತ್ತಿಗೆ ಹಿಡಿದುಕೊಂಡು ಬಂದಿದ್ದ. ಬಾಗಿಲು ಒಳಗೆ ತೆರೆಯಬೇಕೋ ಹೊರಗೋ ಅಂತ ಅಂಗಡಿಯವನು, ದರ್ಜಿ ಎಲ್ಲ ಸೇರಿ ವಾದ ಮಾಡಿದರು. ಹೊರಗೆ ತೆರೆದರೆ ದಾರಿಗೆ ಅಡ್ಡ, ಒಳಗೆ ತೆರೆದರೆ ಅಮ್ಮನ ಹಾಸಿಗೆಗೆ ಅಡ್ಡ. ಸಾಣೆ ಎರಡೂ ಕಡೆಯವರ ಮಾತಿಗೂ ಹೂಂ ಅಂದ. ಮೇಕೆಯ ಒಡತಿಗೆ ಮಾತ್ರ ಅವಮಾನವಾಗಿತ್ತು. ತನ್ನ ಮೇಕೆ ಹುಟ್ಟಿದಾಗಿನಿಂದ ಓಡಾಡಿಕೊಂಡಿದ್ದ ಮನೆ, ಈಗ ದುಡ್ಡು ಬಂತು ಅಂತ ಬಾಗಿಲು ಹಾಕಿಸಿಕೊಳ್ಳುತ್ತಾರೆ ಅಂತ ಅವಳು ಎಲ್ಲರಿಗೂ ಕೇಳುವ ಹಾಗೆ ಗೊಣಗಿದಳು.

ಹೆಂಡತಿ ಹೊರಗೆ ಬಂದು ಮೊದಲು ಬಾಗಿಲನ್ನು, ಆಮೇಲೆ ಅದರ ಮೇಲಿನ ಅಕ್ಷರವನ್ನು, ಆಮೇಲೆ ಬಾಗಿಲ ಹಿಂದೆ ನಿಂತ ಸಾಲನ್ನು ನೋಡಿದಳು.

"ಬಾಗಿಲು ತನ್ನಿ ಅಂದ್ರೆ ಊರನ್ನೇ ತಂದ್ರಾ?" ಅಂದಳು. ಆದರೆ ಅವಳ ಕೈ ಆಗಲೇ ಮರವನ್ನು ಬಡಿದು ನೋಡುತ್ತಿತ್ತು, ಕೀಲನ್ನು ಅಲುಗಿಸಿ ನೋಡುತ್ತಿತ್ತು. ಗಟ್ಟಿ ಇದೆ ಅಂತ ಅವಳ ಮುಖ ಹೇಳಿತು.

ಗೋಣಿಚೀಲ ಇಳಿಯಿತು, ಬಾಗಿಲು ಏರಿತು. ಬಡಗಿ ಕೊನೆಯ ಮೊಳೆ ಹೊಡೆದು ಹೊರಗೆ ಹೋದ ಮೇಲೆ ಹೆಂಡತಿ ಒಳಗಿಂದ ಚಿಲಕ ಹಾಕಿದಳು. ಮನೆಯಲ್ಲಿ ನಾಲ್ವರೇ ಉಳಿದರು. ಬೀದಿಯ ಮಾತು, ಕೋಳಿಯ ಕೂಗು, ಧೂಳು, ಎಲ್ಲ ಆಚೆ. ಹೆಂಡತಿ ಮನೆಯ ನಡುವೆ ನಿಂತು ಸುಮ್ಮನೆ ಸುತ್ತ ನೋಡಿದಳು. ಮದುವೆಯಾಗಿ ಬಂದ ಮನೆಯನ್ನು ಅವಳು ಅವತ್ತೇ ಮೊದಲು ನೋಡುತ್ತಿದ್ದಾಳೆ ಅನ್ನಿಸಿತು ಸಾಣೆಗೆ. ಸೈಕಲ್ಲು ಮುಂದಿನ ತಿಂಗಳಾದರೂ ಆಗಲಿ, ಅದರ ಮುಂದಿನ ತಿಂಗಳಾದರೂ ಆಗಲಿ ಅಂದುಕೊಂಡ.

ಅಮ್ಮ ಒಬ್ಬಳು ಮಾತ್ರ ಮಂಕಾಗಿದ್ದಳು. ಕೋಲನ್ನು ತೊಡೆಯ ಮೇಲಿಟ್ಟುಕೊಂಡು ಗೋಡೆ ನೋಡುತ್ತಾ ಕೂತಿದ್ದಳು. ಮಲಗಮ್ಮಾ, ಇನ್ನು ನಿನಗೆ ಕಾವಲಿಲ್ಲ ಅಂದ ಸಾಣೆ. ಮಲಗಿಕೊಂಡು ಏನು ನೋಡಲಿ ಅಂದಳು ಅವಳು.

ಹೆಂಡತಿ ತಲೆ ಬಾಚಿಕೊಂಡು, ಮಗಳ ಬೂಟಿಗೆ ದಾರ ಕಟ್ಟಿ, ಅವಳ ಕೈ ಹಿಡಿದು ಸಸಿತೋಟಕ್ಕೆ ಹೊರಟಳು. ಹೊತ್ತು ಇನ್ನೂ ಮೀರಿರಲಿಲ್ಲ. ಹೊರಗೆ ಕಟ್ಟೆಯ ಮೇಲೆ ಬಡಗಿ ತನ್ನ ಸಾಮಾನಿನ ಪೆಟ್ಟಿಗೆ ತೋರಿಸಿ, ಸೊಂಟ ಹಿಡಿದುಕೊಂಡಿದೆ, ಮನೆಯ ತನಕ ಹೊತ್ತು ತರುತ್ತೀಯಾ ಅಂತ ಸಾಣೆಯನ್ನು ಕೇಳಿದ. ಸಾಣೆ ಬಾಗಿಲು ಹಾಕಿಕೊಳ್ಳಮ್ಮಾ ಅಂತ ಕೂಗಿ ಹೇಳಿ ಪೆಟ್ಟಿಗೆ ಹೊತ್ತ. ಹೊರಡುವ ಮುನ್ನ ಸಾಲಿನ ಮುಂದೆ ನಿಂತು, ಇದು ನನ್ನ ಮನೆ, ಇಲ್ಲಿ ಯಾವ ದುಡ್ಡೂ ಇಲ್ಲ, ದಯವಿಟ್ಟು ಎಲ್ಲರೂ ಊರಿಗೆ ಹೋಗಿ ಅಂತ ಸ್ಪಷ್ಟವಾಗಿ ಹೇಳಿದ. ಎಲ್ಲರೂ ಗೌರವದಿಂದ ತಲೆಯಾಡಿಸಿದರು. ಯಾರೂ ಕದಲಲಿಲ್ಲ.

ಬಡಗಿಯ ಮನೆ ಊರಿನ ಇನ್ನೊಂದು ತುದಿ. ಅಲ್ಲಿ ಚಹಾ ಕುಡಿ ಅಂದರು, ಕುಡಿದ. ಇದೊಂದು ಉಳಿಯ ಮೊನೆ ಮೊಂಡಾಗಿದೆ ನೋಡು ಅಂದರು, ನೋಡಿದ, ಅದರ ಜೊತೆ ಇನ್ನೆರಡನ್ನೂ ಮಸೆದುಕೊಟ್ಟ. ವಾಪಸು ಬರುವ ಹೊತ್ತಿಗೆ ಬೆಳಕು ಇಳಿಯುತ್ತಿತ್ತು. ಹೊಸ ಬಾಗಿಲನ್ನು ಹಾಕಿಕೊಂಡು, ಹಾಸಿಗೆಯ ಮೇಲೆ ಬೆನ್ನು ಚೆಲ್ಲಬೇಕು, ಯಾರೂ ಕರೆಯಬಾರದು, ಅಷ್ಟೇ ಅವನ ತಲೆಯಲ್ಲಿದ್ದದ್ದು.

ಸಾಲು ಕರಗಿರಲಿಲ್ಲ, ಬೆಳೆದಿತ್ತು. ಮೇಕೆಯ ಒಡತಿಯ ಗೋಡೆ ಸುತ್ತಿಕೊಂಡು ದರ್ಜಿಯ ಕಿಟಕಿಯವರೆಗೆ ಹೋಗಿತ್ತು. ತನ್ನ ಊರಿನವರೂ ಇದ್ದರು. ಮೇಕೆಯ ಒಡತಿಯೂ ಇದ್ದಳು, ಮೇಕೆಯೊಂದಿಗೆ. ಅದಕ್ಕಿಂತ ವಿಚಿತ್ರವೆಂದರೆ ಸಾಲು ಮುಂದಕ್ಕೆ ಚಲಿಸುತ್ತಿತ್ತು. ಒಬ್ಬೊಬ್ಬರೇ ಬಾಗಿಲ ಮುಂದೆ ಬಗ್ಗಿ, ಏನೋ ಮಾತಾಡಿ, ತಲೆಯಾಡಿಸುತ್ತಾ ಹೋಗುತ್ತಿದ್ದರು.

ಸಾಣೆ ನೇರವಾಗಿ ಬಾಗಿಲಿಗೆ ಹೋದ. ಜವಾನ ಕೈ ಅಡ್ಡ ಇಟ್ಟ. ಎಲ್ಲಿಂದಲೋ ಅವನಿಗೊಂದು ಸ್ಟೂಲು ಸಿಕ್ಕಿತ್ತು.

"ಸಾಲು," ಅಂದ.

"ನಾನು. ಆಗ ಕಿಂಡೀಲಿದ್ದೆನಲ್ಲ, ಅದು ನಾನೇ."

"ಒಳಗಿದ್ದಾಗ ನೀವು ಸಾಹೇಬ್ರು," ಅಂದ ಜವಾನ ಮೃದುವಾಗಿ. "ಹೊರಗೆ ಬಂದ್ಮೇಲೆ ಎಲ್ಲರ ಹಾಗೆ ನೀವೂ."

ಇದು ನನ್ನ ಮನೆ ಅಂತ ಸಾಣೆ ಹೇಳಿದ. ಸಾಲಿನಲ್ಲಿದ್ದವರು ಬೇಸರದಿಂದ ಅವನನ್ನು ನೋಡಿದರು. ಬೆಳಗಿನಿಂದ ಕಾಯುತ್ತಿದ್ದ ಒಬ್ಬಳು, ಎಲ್ಲರಿಗೂ ಮನೆಯಿದೆ ಕಣಪ್ಪ ಅಂದಳು. ಜಗಳವಾಡುವುದು ಗೊತ್ತಿದ್ದರೆ ಅವನು ಸಾಣೆಯಾಗುತ್ತಿರಲಿಲ್ಲ. ತಲೆ ತಗ್ಗಿಸಿಕೊಂಡು ದರ್ಜಿಯ ಕಿಟಕಿಯವರೆಗೆ ನಡೆದು ಕೊನೆಯಲ್ಲಿ ನಿಂತ.

ಮುಂದಿದ್ದವಳು ತಿರುಗಿ, ಯೋಚನೆ ಮಾಡಬೇಡಿ, ಒಳಗಿರುವವರು ಪೂರ್ತಿ ಕೇಳಿಸಿಕೊಳ್ಳುತ್ತಾರೆ, ಮಧ್ಯೆ ಬಾಯಿ ಹಾಕುವುದಿಲ್ಲ ಅಂತ ಧೈರ್ಯ ಹೇಳಿದಳು. ಅಷ್ಟರಲ್ಲಿ ಕಿಂಡಿಯಿಂದ ವಾಪಸು ಬರುತ್ತಿದ್ದ ಅವನ ಊರಿನ ಮುದುಕನೊಬ್ಬ ಸಾಲಿನ ಹತ್ತಿರ ನಿಂತು ತನ್ನ ಕತೆ ಹೇಳಿದ.

"ಮನೇಲಿ ನನ್ನ ಹೆಂಡ್ತಿ ದುಡ್ಡು ಬಂದಿಲ್ಲ ಅಂತ ಅಳ್ತಾಳೆ. ಅದು ಬರ್ತಾನೇ ಇದೆಯಂತೆ. ಮೆಸೇಜು ಮಗನ ಫೋನಿಗೆ ಹೋಗ್ತಿದೆ, ಅವನನ್ನ ಕೇಳು ಅಂದ್ರು. ಅವನ ಹೊಸ ಅಂಗಿ ನೋಡಿದಾಗ್ಲೇ ನಂಗೆ ಅನುಮಾನ ಬರಬೇಕಿತ್ತು."

ಸಾಣೆಗೆ ಕುತೂಹಲ ಹುಟ್ಟಿತು. ಇಷ್ಟು ತಿಳಿದವರು ಯಾರು ಬಂದು ತನ್ನ ಮನೆಯೊಳಗೆ ಕೂತಿದ್ದಾರೆ? ಬ್ಯಾಂಕಿನವರೇ ನಿಜವಾಗಿ ಬಂದುಬಿಟ್ಟರೇ? ಸಾಲು ಒಂದೊಂದೇ ಹೆಜ್ಜೆ ಸರಿಯಿತು. ಮೇಕೆಯ ಒಡತಿ ಬಗ್ಗಿ, ಬಹಳ ಹೊತ್ತು ಮಾತಾಡಿ, ಸೆರಗಿನಿಂದ ಕಣ್ಣೊರೆಸಿಕೊಂಡು, ನಗುತ್ತಾ ಹೋದಳು. ಮುಂದಿದ್ದವಳ ಸರದಿಯೂ ಮುಗಿಯಿತು. ಸಾಣೆ ತನ್ನ ಮನೆಯ ಬಾಗಿಲ ಮುಂದೆ ಬಗ್ಗಿದ.

ಕಿಂಡಿಯ ಹಿಂದೆ ಅಮ್ಮ ಕೂತಿದ್ದಳು.

ಹಾಸಿಗೆಯನ್ನು ಮಡಚಿ ಎತ್ತರಕ್ಕೆ ಪೇರಿಸಿ ಅದರ ಮೇಲೆ ಕೂತಿದ್ದಳು. ಕೂದಲು ಬಾಚಿದ್ದಳು. ಅವಳ ಮುಖದಲ್ಲಿ ಮಂಕಿರಲಿ, ಮಂಡಿನೋವಿನ ಗುರುತೂ ಇರಲಿಲ್ಲ. ಇಷ್ಟು ವರ್ಷ ಆ ಜಾಗದಲ್ಲಿ ಕೂತು ಊರಿನವರು ಹೋಗುವುದು ಬರುವುದನ್ನೆಲ್ಲ ನೋಡಿದ ಕಣ್ಣು ಎರಡು ಪಟ್ಟು ಹೊಳೆಯುತ್ತಿತ್ತು.

"ಅಮ್ಮಾ, ನಾನು. ಚಿಲಕ ತೆಗಿ," ಅಂದ ಸಾಣೆ.

ಸಂಜೆಯ ಮೇಲೆ ಅಮ್ಮನಿಗೆ ಕಣ್ಣು ಅಷ್ಟಾಗಿ ಕಾಣುತ್ತಿರಲಿಲ್ಲ. ಆದರೆ ಹೆತ್ತ ಮಗ ಕಾಣದಷ್ಟು ಮಬ್ಬೂ ಆಗಿರಲಿಲ್ಲ. ಅವಳು ಅವನ ಮುಖ ನೋಡಿದಳು. ಅವನ ಭುಜದ ಮೇಲಿಂದ ಹಾಯಿಸಿ ಹಿಂದೆ ಇನ್ಯಾರೂ ಇಲ್ಲ ಎಂಬುದನ್ನು ನೋಡಿದಳು. ಹಿಡಿದುಕೊಂಡಿದ್ದ ಕತ್ತನ್ನು ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ತಿರುಗಿಸಿ ಸರಿಮಾಡಿಕೊಂಡಳು.

"ಹೊತ್ತಾಯ್ತು," ಅಂದಳು. "ಇವತ್ತಿಗೆ ಮುಗೀತು. ನಾಳೆ ಬನ್ನಿ."

ಕಿಂಡಿಯ ಕದ ಮುಚ್ಚಿತು. ಜವಾನ ಸ್ಟೂಲನ್ನು ಗೋಡೆಗೆ ಒರಗಿಸಿ, ಸಾಣೆಗೆ ಸಹಾನುಭೂತಿಯಿಂದ ತಲೆಯಾಡಿಸಿ, ತನ್ನ ದಾರಿ ಹಿಡಿದ. ಸಾಣೆ ಅಲ್ಲೇ ಬಗ್ಗಿಕೊಂಡು ನಿಂತಿದ್ದ. ಹುಟ್ಟಿದಾಗಿನಿಂದ ಅಮ್ಮ ತನ್ನನ್ನು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು ಎಂಬುದು ಅವನಿಗೆ ಹೊಳೆದದ್ದು ಸ್ವಲ್ಪ ಹೊತ್ತಿನ ಮೇಲೆ.